ಡಿಂಕ್‌ಗೆ ಕೈ ಕುದುರಿದ್ದು ಹೇಗೆ

ಪಿಕಲ್‌ಬಾಲ್ ಅಂದರೆ ಪ್ಯಾಡಲ್ ಅನ್ನೋ ಚಪ್ಪಟೆ ಬ್ಯಾಟ್ ಹಿಡಿದು ನೆಟ್ ಆಚೆಗೆ ಚೆಂಡು ಹೊಡೆಯುವ ಆಟ. ಅದನ್ನು ಕಲಿಯುವವರಿಗೆಲ್ಲ ಸಿಗುವ ಮೊದಲ ಉಪದೇಶ ಒಂದೇ: ಡಿಂಕ್, ಅಂದರೆ ನೆಟ್ ಆಚೆಗೆ ಮೆಲ್ಲಗೆ ಇಳಿಸುವ ಹೊಡೆತ, ನೆಟ್ ಸವರಿಕೊಂಡು ಹೋಗಬೇಕು. ನನ್ನ ಡಿಂಕ್ ಸುಧಾರಿಸಿದ್ದು ಈ ಮಾತನ್ನು ಸ್ವಲ್ಪ ಪಕ್ಕಕ್ಕಿಟ್ಟ ಮೇಲೆ. ಮಾತು ಸುಳ್ಳು ಅಂತಲ್ಲ. ಆದರೆ ನೆಟ್ ಸವರೋದನ್ನೇ ಗುರಿ ಮಾಡಿಕೊಂಡರೆ ಚೂರು ಹೆಚ್ಚುಕಮ್ಮಿ ಆದರೂ ಚೆಂಡು ನೆಟ್‌ಗೇ ಬೀಳುತ್ತದೆ. ಎದುರಿನವರು ಏನೂ ಮಾಡದೆ ಪಾಯಿಂಟ್ ತಗೊಂಡು ಹೋಗುತ್ತಾರೆ. ನನ್ನ ಗಮನ ನೆಟ್‌ನ ಅಂಚಿನಿಂದ ಸರಿದು ಚೆಂಡು ಇಳಿಯುವ ಜಾಗದ ಮೇಲೆ ಕೂತಾಗ ಆಟ ಬದಲಾಯಿತು.

ಹೊಸಬರಿಗೆ ಒಂದೆರಡು ಮಾತು. ಕೋರ್ಟಿನ ಅಗಲ 20 ಅಡಿ, ಉದ್ದ 44 ಅಡಿ. ನೆಟ್‌ನ ಎರಡೂ ಕಡೆ 7 ಅಡಿ ಜಾಗಕ್ಕೆ ಕಿಚನ್ ಅಂತಾರೆ. ಅಲ್ಲಿ ನಿಂತು ಚೆಂಡನ್ನು ಗಾಳಿಯಲ್ಲೇ ಹೊಡೆಯುವಂತಿಲ್ಲ, ಪುಟಿದ ಮೇಲೆ ಹೊಡೆಯಬಹುದು. ಕಿಚನ್ ಗೆರೆಯೂ ಕಿಚನ್‌ಗೇ ಸೇರಿದ್ದು. ಆ ಗೆರೆಯ ಹಿಂದೆ ನಿಂತು ಎದುರಿನ ಕಿಚನ್‌ನೊಳಗೆ ಚೆಂಡನ್ನು ಮೆಲ್ಲಗೆ ಇಳಿಸೋದೇ ಡಿಂಕ್. ಎದುರಿನವರು ಮೇಲಿಂದ ಕೆಳಕ್ಕೆ ಬಡಿಯದಂತೆ ತಡೆಯೋದು ಅದರ ಕೆಲಸ. ಪಾಯಿಂಟ್ ಗೆಲ್ಲೋದು ಆಮೇಲಿನ ಮಾತು.

ಈಗ ಲೆಕ್ಕಕ್ಕೆ ಬರೋಣ. ನನ್ನ ಕಣ್ಣು ತೆರೆಸಿದ್ದೇ ಈ ಲೆಕ್ಕ. ನೆಟ್ ನಡುವೆ 34 ಇಂಚು, ಬದಿಗಳಲ್ಲಿ 36 ಇಂಚು ಎತ್ತರ ಇರುತ್ತದೆ. ಚೆಂಡು ತೂತುಗಳಿರುವ ಪ್ಲಾಸ್ಟಿಕ್‌ನದು, ಪುಟಿಯೋದು ಕಡಿಮೆ. 78 ಇಂಚು ಮೇಲಿಂದ ಗ್ರಾನೈಟ್ ಮೇಲೆ ಬಿಟ್ಟರೆ 30ರಿಂದ 34 ಇಂಚು ಪುಟಿಯಬೇಕು ಅನ್ನುತ್ತದೆ ನಿಯಮ. ಅಂದರೆ ಬಿದ್ದ ಎತ್ತರದ ಅರ್ಧಕ್ಕೂ ಬರೋದಿಲ್ಲ. ನನ್ನ ಡಿಂಕ್ 4 ಅಡಿ ಏರಿ ಬಿತ್ತು ಅಂದುಕೊಳ್ಳಿ, ನೆಟ್‌ಗಿಂತ ಒಂದಡಿಗೂ ಜಾಸ್ತಿ ಮೇಲೆ. ನೆಲಕ್ಕೆ ಬಿದ್ದು ಎದ್ದಾಗ ಅದು ಸುಮಾರು 20 ಇಂಚಿಗೆ, ಎದುರಿನವರ ಮಂಡಿಯ ಹತ್ತಿರಕ್ಕೆ ಬರುತ್ತದೆ ಅಷ್ಟೇ. ಅಲ್ಲಿಂದ ಅವರು ಚೆಂಡನ್ನು ಮೇಲಕ್ಕೆತ್ತಲೇಬೇಕು, ಕೆಳಕ್ಕೆ ಬಡಿಯೋಕೆ ಸಾಧ್ಯವೇ ಇಲ್ಲ.

ಹಾಗಾದರೆ ಎತ್ತರದ ಡಿಂಕ್‌ಗೆ ಏಟು ಬೀಳೋದು ಯಾವಾಗ? ಅವರು ಪುಟಿಯೋಕೆ ಬಿಡದೆ, ಮುಂದಕ್ಕೆ ಕೈ ಚಾಚಿ, ಗಾಳಿಯಲ್ಲೇ ಹಿಡಿದಾಗ. ಅಂದರೆ ತೊಂದರೆ ಬರೀ ಎತ್ತರದ್ದಲ್ಲ, ಉದ್ದದ್ದು. ಚೆಂಡು ಅವರ ಗೆರೆಯ ತನಕ ತೇಲಿಕೊಂಡು ಹೋದರೆ ಕೆಟ್ಟಿತು. ಅವರ ಕಿಚನ್‌ನಲ್ಲಿ ನೆಟ್ ಕಡೆಯ ಅರ್ಧದಲ್ಲಿ ಇಳಿದರೆ ನೆಟ್ ಮೇಲೆ ಒಂದು ಗೇಣು ಜಾಗ ಇದ್ದರೂ ಅಪಾಯ ಕಡಿಮೆ. ಹಾಗೆ ಇಳಿಯಬೇಕಾದರೆ ಚೆಂಡು ಏರೋದು ಮುಗಿದು ಇಳಿಯೋಕೆ ಶುರುವಾಗುವ ಜಾಗ ನೆಟ್‌ನ ನನ್ನ ಕಡೆಗೇ ಇರಬೇಕು. ನೆಟ್ ದಾಟುವಾಗ ಚೆಂಡು ಆಗಲೇ ಕೆಳಮುಖ ಆಗಿರಬೇಕು. ಅದು ನೆಟ್ ದಾಟಿದ ಮೇಲೂ ಏರುತ್ತಿದ್ದರೆ, ಎಷ್ಟೇ ಸವರಿಕೊಂಡು ಹೋಗಿದ್ದರೂ ಎದುರಿನವರ ಪ್ಯಾಡಲ್‌ಗೆ ಸರಿಯಾದ ಎತ್ತರದಲ್ಲಿ ಸಿಗುತ್ತದೆ.

ತಲೆಗೆ ಹೊಕ್ಕಿತು, ಕೈಗೆ ಬರಬೇಕಲ್ಲ? ನಾನು ಶಟಲ್ ಆಡಿ ಬಂದವನು. ಶಟಲ್‌ನಲ್ಲಿ ಮಣಿಕಟ್ಟೇ ಎಲ್ಲ. ಇಲ್ಲಿ ಅದೇ ಅಡ್ಡಗಾಲು. ಕೊನೇ ಕ್ಷಣದಲ್ಲಿ ಮಣಿಕಟ್ಟು ಚಕ್ಕನೆ ತಿರುಗಿದರೆ ಪ್ಯಾಡಲ್ ಮುಖ ಪ್ರತಿ ಸಲ ಬೇರೆ ಬೇರೆ ಕೋನಕ್ಕೆ ಬರುತ್ತದೆ. ಒಂದು ಚೆಂಡು ಚೆನ್ನಾಗಿ ಹೋಗುತ್ತದೆ, ಇನ್ನೊಂದು ಆಕಾಶಕ್ಕೆ. ಅದಕ್ಕೇ ಬೀಸನ್ನು ಭುಜಕ್ಕೆ ಕೊಟ್ಟೆ. ಮಣಿಕಟ್ಟು ಕಟ್ಟಿಹಾಕಿದಂತೆ ಸುಮ್ಮನಿರಬೇಕು, ಮೊಣಕೈ ಸ್ವಲ್ಪ ಬಾಗಿರಬೇಕು, ಇಡೀ ಕೈ ಭುಜದಿಂದ ತೂಗಬೇಕು. ಚಿಕ್ಕ ಮಗುವಿನ ಕೈಗೆ ಸಿಗುವ ಹಾಗೆ ಕೆಳಗಿಂದ ಚೆಂಡು ಎಸೆಯುತ್ತೇವಲ್ಲ, ಅಷ್ಟೇ ಬೀಸು. ಕೈಯನ್ನು ಹಿಂದಕ್ಕೆ ಎಳೆಯೋದು ಬಹಳ ಕಡಿಮೆ. ಪ್ಯಾಡಲ್ ನನ್ನ ಸೊಂಟ ದಾಟಿ ಹಿಂದೆ ಹೋಯಿತು ಅಂದರೆ ಜಾಸ್ತಿ ಆಯಿತು ಅಂತಲೇ ಅರ್ಥ.

ಹಿಡಿತದ ವಿಷಯ ಒಬ್ಬ ಜೊತೆಗಾರರು ಹೇಳಿಕೊಟ್ಟದ್ದು. ನನಗಿಂತ ಹಿರಿಯರು, ಓಡಾಟ ಕಡಿಮೆ, ಆದರೆ ಕಿಚನ್ ಗೆರೆಯಲ್ಲಿ ಅವರನ್ನು ಅಲುಗಾಡಿಸೋಕೆ ಆಗುತ್ತಿರಲಿಲ್ಲ. ಎರಡು ಪಾಯಿಂಟ್‌ಗಳ ನಡುವೆ ಹತ್ತಿರ ಬಂದು ನನ್ನ ಪ್ಯಾಡಲ್‌ನ ತುದಿ ಹಿಡಿದು ಮೆಲ್ಲಗೆ ಎಳೆದರು. ಪ್ಯಾಡಲ್ ಜೊತೆ ನನ್ನ ಕೈ, ಭುಜ ಎಲ್ಲ ಬಂತು.

"ಇದನ್ನ ಯಾರೂ ಕಿತ್ಕೊಂಡು ಹೋಗಲ್ಲ ಮಾರಾಯ್ರೆ, ಸ್ವಲ್ಪ ಸಡಿಲ ಬಿಡಿ" ಅಂದರು.

"ಬಿಟ್ರೆ ಜಾರಲ್ವಾ ಸರ್?"

"ಜಾರೋ ಹಾಗಿರಬೇಕು, ಜಾರಬಾರದು."

ಆಮೇಲೆ ನಾನೇ ಒಂದು ಅಳತೆ ಇಟ್ಟುಕೊಂಡೆ. ಪೂರ್ತಿ ಬಿಗಿ ಹಿಡಿತ 10 ಅಂದರೆ ಡಿಂಕ್‌ಗೆ 3 ಅಥವಾ 4 ಸಾಕು. ಹಿಡಿತ ಬಿಗಿಯಾದಷ್ಟೂ ಚೆಂಡು ಪ್ಯಾಡಲ್‌ನಿಂದ ಚಿಮ್ಮುತ್ತದೆ. ಸಡಿಲ ಇದ್ದರೆ ಅದರ ರಭಸವನ್ನು ಪ್ಯಾಡಲ್ ಸ್ವಲ್ಪ ನುಂಗಿಕೊಳ್ಳುತ್ತದೆ. ಶಬ್ದದಲ್ಲೇ ಗೊತ್ತಾಗುತ್ತದೆ. ಆಟ ಬಿಗಿಯಾದಾಗ, ಸ್ಕೋರ್ 9–9 ಆದಾಗ, ನಮಗೆ ಗೊತ್ತಿಲ್ಲದೆಯೇ ಬೆರಳು ಬಿಗಿಯಾಗುತ್ತವೆ. ಅದಕ್ಕೆ ಪ್ರತಿ ಸರ್ವ್‌ಗೆ ಮುಂಚೆ ಒಮ್ಮೆ ಬೆರಳು ಬಿಚ್ಚಿ ಮತ್ತೆ ಹಿಡಿಯುವ ಅಭ್ಯಾಸ ಮಾಡಿಕೊಂಡಿದ್ದೇನೆ.

ಇದಕ್ಕಿಂತ ದೊಡ್ಡ ಬದಲಾವಣೆ ಅಂದರೆ ಚೆಂಡನ್ನು ದೇಹದ ಮುಂದೆ ಮುಟ್ಟೋದು. ಪ್ಯಾಡಲ್ ಮತ್ತು ಚೆಂಡು ಸೇರುವ ಜಾಗ ಯಾವಾಗಲೂ ಮುಂದಿನ ಕಾಲಿನ ಬೆರಳಿಗಿಂತ ಆಚೆ ಇರಬೇಕು. ಹಾಗಿದ್ದರೆ ಚೆಂಡು, ಪ್ಯಾಡಲ್, ಎದುರಿನವರು, ಮೂರೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಚೆಂಡು ಪಕ್ಕಕ್ಕೆ ಬರುವವರೆಗೆ ಕಾದರೆ ಮಣಿಕಟ್ಟು ಮಧ್ಯೆ ಬಾಯಿ ಹಾಕೇ ಹಾಕುತ್ತದೆ, ಬೇರೆ ದಾರಿ ಇರೋದಿಲ್ಲ. ಮುಂದೆ ಮುಟ್ಟಬೇಕಾದರೆ ಬಗ್ಗಬೇಕು. ಬಗ್ಗೋದು ಮಂಡಿಯಿಂದ, ಸೊಂಟದಿಂದಲ್ಲ. ಸೊಂಟದಿಂದ ಬಗ್ಗಿದರೆ ತಲೆ ಕೆಳಗಾಗಿ ಕಣ್ಣು ನೆಲ ನೋಡುತ್ತದೆ. ಹೊಡೆದ ಮೇಲೆ ತಕ್ಷಣ ನೆಟ್ಟಗಾಗುವ ಚಟ ಬಹಳ ಜನಕ್ಕೆ ಇದೆ. ಚೆಂಡು ಪ್ಯಾಡಲ್‌ನಲ್ಲಿರುವಾಗಲೇ ದೇಹ ಎದ್ದರೆ ಚೆಂಡೂ ಜೊತೆಗೇ ಏಳುತ್ತದೆ. ನಾನು ಹೊಡೆದ ಮೇಲೂ ಒಂದು ಉಸಿರಿನಷ್ಟು ಹೊತ್ತು ಬಗ್ಗಿಯೇ ಇರುತ್ತೇನೆ. ತೊಡೆ ನೋಯುತ್ತದೆ, ಅದಕ್ಕೇನೂ ಮಾಡೋಕಾಗಲ್ಲ.

ಒಬ್ಬನೇ ಇದ್ದಾಗ ಗೋಡೆಯೇ ಜೊತೆಗಾರ. ಗೋಡೆಗೆ 34 ಇಂಚು ಎತ್ತರದಲ್ಲಿ ಒಂದು ಟೇಪ್ ಅಂಟಿಸಿ, 7 ಅಡಿ ದೂರದಲ್ಲಿ ನೆಲದ ಮೇಲೆ ಇನ್ನೊಂದು ಗೆರೆ ಎಳೆದುಕೊಂಡೆ. ಗೆರೆಯ ಹಿಂದೆ ನಿಂತು ಡಿಂಕ್ ಮಾಡೋದು, ಗೋಡೆಗೆ ಬಡಿದು ಒಂದು ಸಲ ಪುಟಿದು ಬಂದ ಚೆಂಡನ್ನು ಮತ್ತೆ ಡಿಂಕ್ ಮಾಡೋದು. ನಾನು ಹಾಕಿಕೊಂಡ ಷರತ್ತು ಒಂದೇ: ಟೇಪ್‌ಗಿಂತ ಮೇಲೆ ಗೋಡೆ ಮುಟ್ಟುವಾಗ ಚೆಂಡು ಇಳಿಯುತ್ತಾ ಇರಬೇಕು. ಏರುತ್ತಾ ಹೋಗಿ ಬಡಿದರೆ ಲೆಕ್ಕಕ್ಕಿಲ್ಲ. ಹೀಗೆ ಮೆಲ್ಲಗೆ ಹೋದ ಚೆಂಡನ್ನು ಗೋಡೆ ತಗ್ಗಾಗಿಯೇ ವಾಪಸ್ ಕೊಡುತ್ತದೆ, ಮಂಡಿ ಬಗ್ಗಿಸದೆ ವಿಧಿಯಿಲ್ಲ. ಫೋರ್‌ಹ್ಯಾಂಡ್, ಬ್ಯಾಕ್‌ಹ್ಯಾಂಡ್ ಒಂದಾದ ಮೇಲೊಂದು ಮಾಡಿದರೆ ಕಾಲಿಗೂ ಕೆಲಸ. ಆದರೆ ಗೋಡೆಯ ಒಂದು ಕೊರತೆ ಹೇಳಲೇಬೇಕು. ಚೆಂಡು ಆಚೆ ಎಲ್ಲಿ ಬೀಳುತ್ತಿತ್ತು ಅಂತ ಅದು ತೋರಿಸೋದಿಲ್ಲ. ಅದಕ್ಕೆ ಕೋರ್ಟೇ ಬೇಕು. ಜೊತೆಗೆ ಒಬ್ಬರು ಸಿಕ್ಕಾಗ ನೆಟ್‌ನಿಂದ ಮೂರು ನಾಲ್ಕು ಅಡಿ ಆಚೆ ಒಂದು ಟವೆಲ್ ಹಾಸಿ ಅದರ ಮೇಲೆ ಇಳಿಸುವ ಅಭ್ಯಾಸ ಮಾಡುತ್ತೇವೆ. ಕೊನೆಗೆ 11 ಪಾಯಿಂಟ್‌ಗೆ ಬರೀ ಡಿಂಕ್ ಆಟ. ಚೆಂಡು ಕಿಚನ್‌ನೊಳಗೇ ಬೀಳಬೇಕು, ಯಾರೂ ಜೋರಾಗಿ ಹೊಡೆಯುವಂತಿಲ್ಲ. ನೋಡೋಕೆ ಸಪ್ಪೆ ಅನ್ನಿಸಬಹುದು, ಆಡಿದವರಿಗೆ ಗೊತ್ತು ಬೆವರು ಎಷ್ಟು ಇಳಿಯುತ್ತದೆ ಅಂತ.

ಈ ಅಭ್ಯಾಸವನ್ನು ನಾನು ಹೆಚ್ಚಾಗಿ ಮೂಲೆಯಿಂದ ಮೂಲೆಗೆ, ಅಂದರೆ ಕ್ರಾಸ್‌ಕೋರ್ಟ್ ಮಾಡುತ್ತೇನೆ. ನೇರ ಹೊಡೆದರೆ ಒಂದು ಕಿಚನ್ ಗೆರೆಯಿಂದ ಇನ್ನೊಂದಕ್ಕೆ 14 ಅಡಿ. ಮೂಲೆಯಿಂದ ಮೂಲೆಗೆ 24 ಅಡಿಗೂ ಜಾಸ್ತಿ. ಸಾಲದ್ದಕ್ಕೆ ಚೆಂಡು ದಾಟೋದು ನೆಟ್‌ನ ತಗ್ಗಾದ ನಡುಭಾಗದ ಹತ್ತಿರ. ಪಂದ್ಯದಲ್ಲಿ ಏನು ಮಾಡಬೇಕು ಅಂತ ತೋಚದಿದ್ದಾಗ ನನ್ನ ಕೈ ಆ ಕಡೆಗೇ ಹೋಗುತ್ತದೆ. ನೇರ ಡಿಂಕ್ ಅನ್ನು ಎದುರಿನವರ ಜಾಗ ಕದಲಿಸೋಕೆ ಮಾತ್ರ ಇಟ್ಟುಕೊಂಡಿದ್ದೇನೆ.

ಗುರಿಯ ವಿಷಯಕ್ಕೆ ಬಂದರೆ, ಗೆರೆಯ ಮೇಲೆ ಹಾಕೋ ಹುಚ್ಚು ನನಗಿಲ್ಲ. ನಾನು ನೋಡೋದು ಎದುರಿನವರ ಕಾಲು. ಬ್ಯಾಕ್‌ಹ್ಯಾಂಡ್ ಕಡೆಯ ಪಾದದ ಮುಂದೆ, ಸ್ವಲ್ಪ ಹೊರಗೆ ಚೆಂಡು ಬಿದ್ದರೆ ಅವರು ಒಂದು ಹೆಜ್ಜೆ ಇಡಲೇಬೇಕು. ಎರಡು ಮೂರು ಡಿಂಕ್ ಅಲ್ಲೇ ಹಾಕುತ್ತೇನೆ. ಅವರು ಆ ಕಡೆಗೆ ವಾಲೋಕೆ ಶುರು ಮಾಡಿದಾಗ ಅದೇ ಬೀಸಿನಲ್ಲಿ ನಡುವಿಗೆ, ಡಬಲ್ಸ್ ಆದರೆ ಎದುರಿನ ಇಬ್ಬರ ಮಧ್ಯಕ್ಕೆ ಒಂದು. "ಯಾರದ್ದು?" ಅಂತ ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ಬಂದ ಉತ್ತರ ಸಾಮಾನ್ಯವಾಗಿ ಎತ್ತರವಾಗಿಯೇ ಇರುತ್ತದೆ.

ಅವರು ಹೊಡೆಯುವಾಗ ಚೆಂಡಿನ ಜೊತೆ ಅವರ ಪ್ಯಾಡಲ್ ಅನ್ನೂ ನೋಡಬೇಕು. ಪ್ಯಾಡಲ್ ತುದಿ ನೆಲ ನೋಡುತ್ತಿದ್ದರೆ ಅವರು ಕೆಳಗಿಂದ ಎತ್ತುತ್ತಿದ್ದಾರೆ ಅಂತ ಅರ್ಥ. ಆಗ ನಾನು ಗೆರೆಗೆ ಇನ್ನಷ್ಟು ಹತ್ತಿರ ಸರಿದು, ಪ್ಯಾಡಲ್ ಎದೆ ಮುಂದೆ ಎತ್ತಿ ಹಿಡಿದು ಕಾಯುತ್ತೇನೆ. ಭುಜ ಹಿಂದಕ್ಕೆ ಹೋಗಿ ಪ್ಯಾಡಲ್ ತುದಿ ಮೇಲೆದ್ದರೆ ಜೋರು ಹೊಡೆತ ಬರುತ್ತಿದೆ, ಬ್ಲಾಕ್‌ಗೆ, ಅಂದರೆ ಪ್ಯಾಡಲ್ ಅಡ್ಡ ಹಿಡಿದು ತಡೆಯೋಕೆ, ತಯಾರಾಗಬೇಕು.

ಇನ್ನು ನನ್ನ ಕಾಲು. ಗೆರೆಯಿಂದ ಎರಡು ಮೂರು ಇಂಚು ಹಿಂದೆ, ಭಾರ ಪಾದದ ಮುಂಭಾಗದ ಮೇಲೆ. ಪಕ್ಕಕ್ಕೆ ಹೋಗುವಾಗ ಕಾಲಿಗೆ ಕಾಲು ಅಡ್ಡ ಹಾಕದೆ ಜರುಗುತ್ತೇನೆ. ಗಾಳಿಯಲ್ಲೇ ತಗೊಳ್ಳೋಕಾಗುವ ಡಿಂಕ್ ಅನ್ನು ಗಾಳಿಯಲ್ಲೇ ತಗೊಳ್ಳೋದು ಒಳ್ಳೆಯದು, ಎದುರಿನವರಿಗೆ ಸಮಯ ಕಡಿಮೆ ಸಿಗುತ್ತದೆ. ಆದರೆ ಹಾಗೆ ಹೊಡೆದ ರಭಸಕ್ಕೆ ಕಾಲು ಕಿಚನ್‌ನೊಳಗೆ ಹೋದರೆ ಫಾಲ್ಟ್, ಪಾಯಿಂಟ್ ಮುಗಿದ ಮೇಲೆ ಹೋದರೂ ಫಾಲ್ಟೇ. ಪುಟಿದ ಚೆಂಡಿಗೆ ಒಳಗೆ ಕಾಲಿಟ್ಟರೆ, ಮುಂದಿನ ಚೆಂಡನ್ನು ಗಾಳಿಯಲ್ಲಿ ಹೊಡೆಯುವ ಮುಂಚೆ ಎರಡೂ ಪಾದ ಹೊರಗೆ ನೆಲ ಮುಟ್ಟಿರಬೇಕು. ಹಾಗಾಗಿ ಒಳಗೆ ಒಂದೇ ಕಾಲು ಇಡುತ್ತೇನೆ, ಹೊಡೆದ ಕೂಡಲೇ ಅದನ್ನು ವಾಪಸ್ ತರುತ್ತೇನೆ. ಕಾಲ ಬುಡಕ್ಕೇ ಬರುವ ಉದ್ದದ ಡಿಂಕ್‌ಗೆ ಗೆರೆಯಲ್ಲೇ ಅಂಟಿಕೊಂಡು ನಿಂತು ಒದ್ದಾಡೋ ಬದಲು ಒಂದು ಕಾಲು ಹಿಂದಕ್ಕೆ ಇಟ್ಟು ಜಾಗ ಮಾಡಿಕೊಳ್ಳೋದು ವಾಸಿ.

ಯಾವಾಗ ಡಿಂಕ್ ಬಿಟ್ಟು ಜೋರಾಗಿ ಹೊಡೀಬೇಕು ಅಂತ ಎಲ್ಲರೂ ಕೇಳುತ್ತಾರೆ. ಚೆಂಡು ನನ್ನ ಪ್ಯಾಡಲ್‌ಗೆ ಸಿಗುವಾಗ ನೆಟ್‌ಗಿಂತ ಮೇಲಿದೆಯಾ? ಇದ್ದರೆ ಹೊಡಿ. ಇಲ್ಲದಿದ್ದರೆ ಇನ್ನೊಂದು ಡಿಂಕ್. ಕೆಳಗಿನ ಚೆಂಡನ್ನು ಜೋರಾಗಿ ಹೊಡೆದು ಗೆಲ್ಲುವವರೂ ಇದ್ದಾರೆ, ಅಲ್ಲಗಳೆಯಲ್ಲ. ನನ್ನ ಮಟ್ಟದಲ್ಲಿ ಅದು ಜೂಜು.

ಸ್ಪಿನ್ ಅನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ಬ್ಯಾಕ್‌ಹ್ಯಾಂಡ್ ಕಡೆ ಪೂರ್ತಿ ಚಾಚಿಕೊಂಡಿರುವಾಗ ಸ್ಲೈಸ್, ಅಂದರೆ ಚೆಂಡಿನ ಕೆಳಭಾಗವನ್ನು ಸವರುವ ಹೊಡೆತ, ನನಗೆ ಅನುಕೂಲ. ಚೆಂಡು ಸ್ವಲ್ಪ ತೇಲಿಕೊಂಡು ಹೋಗುತ್ತದೆ, ಬಿದ್ದ ಮೇಲೆ ತಗ್ಗಾಗಿ ಉಳಿಯುತ್ತದೆ, ನನಗೆ ಜಾಗಕ್ಕೆ ಮರಳೋಕೆ ಸಮಯ ಸಿಗುತ್ತದೆ. ಟಾಪ್‌ಸ್ಪಿನ್ ಡಿಂಕ್ ಮಾಡೋದು ಚೆಂಡು ಮಂಡಿಯ ಎತ್ತರಕ್ಕೆ ಪುಟಿದು, ಕಾಲು ಸರಿಯಾಗಿ ಊರಿದ್ದಾಗ ಮಾತ್ರ. ಪ್ಯಾಡಲ್ ಚೆಂಡಿನ ಕೆಳಗಿಂದ ಶುರುವಾಗಿ ಅದರ ಬೆನ್ನನ್ನು ಮೇಲಕ್ಕೆ ಉಜ್ಜಬೇಕು, ಆಗ ಚೆಂಡು ಬೇಗ ಇಳಿದು ಬಿದ್ದ ಮೇಲೆ ಎದುರಿನವರ ಕಡೆಗೆ ನುಗ್ಗುತ್ತದೆ. ಫೋರ್‌ಹ್ಯಾಂಡ್‌ನಲ್ಲಿ ಇದು ನಂಬುವಂತಾಗಿದೆ. ಬ್ಯಾಕ್‌ಹ್ಯಾಂಡ್‌ನಲ್ಲಿ ಇನ್ನೂ ಎರಡೂ ಕೈ ಹಾಕಿ ಗೋಡೆಯ ಮುಂದೆ ತಿದ್ದುತ್ತಿದ್ದೇನೆ, ಪಂದ್ಯಕ್ಕೆ ತಂದಿಲ್ಲ.