ತಾರಸಿ ಸೋಲಾರ್: ತಯಾರಿಕೆಗೆ ಹೋದ ಶಕ್ತಿಗೆ ಎಷ್ಟು ಪಟ್ಟು ವಾಪಸ್? ಲೆಕ್ಕ ಹಾಕುವ ಕ್ರಮ

ವಿದ್ಯುತ್ ಘಟಕವೊಂದನ್ನು ಕಟ್ಟಿ ನಡೆಸಲು ಹೋದ ಶಕ್ತಿಗೆ ಎಷ್ಟು ಪಟ್ಟು ಶಕ್ತಿ ತಿರುಗಿ ಬಂತು ಎಂಬುದೇ ಇಆರ್‌ಒಐ (ಎನರ್ಜಿ ರಿಟರ್ನ್ ಆನ್ ಇನ್ವೆಸ್ಟ್‌ಮೆಂಟ್). ಬಂದದ್ದನ್ನು ಹೋದದ್ದರಿಂದ ಭಾಗಿಸಿದರೆ ಆಯಿತು. ಎಡವುವುದು ಯಾವುದನ್ನು ಯಾವ ಅಳತೆಯಲ್ಲಿ ಬರೆದುಕೊಂಡೆವು ಎಂಬಲ್ಲಿ. ಕರ್ನಾಟಕದ ಒಂದು ಮನೆಯ 3 ಕಿಲೋವ್ಯಾಟ್ ಸೋಲಾರ್ ಲೆಕ್ಕವನ್ನೇ ಮಾಡಿ ನೋಡೋಣ.

ಮೊದಲು ಬರುವ ಶಕ್ತಿ. ನೆರಳಿಲ್ಲದ ತಾರಸಿಯಲ್ಲಿ, ದಕ್ಷಿಣಕ್ಕೆ ಮುಖ ಮಾಡಿದ ಪ್ಯಾನಲ್‌ಗಳಿಂದ ಕಿಲೋವ್ಯಾಟಿಗೆ ವರ್ಷಕ್ಕೆ ಸುಮಾರು 1,400 ಯೂನಿಟ್, ಒಟ್ಟು 4,200 ಎಂದು ಹಿಡಿಯಿರಿ. ಈಗಾಗಲೇ ಹಾಕಿಸಿದ್ದರೆ ಮೀಟರಿನ ಇಡೀ ವರ್ಷದ ಓದು ತೆಗೆದುಕೊಳ್ಳಿ. ಮಾರ್ಚ್ ತಿಂಗಳದನ್ನು 12ರಿಂದ ಗುಣಿಸಿದರೆ ಮಳೆಗಾಲದ ಇಳಿಕೆ ಮರೆತಂತೆ. ಪ್ಯಾನಲ್ ವರ್ಷಕ್ಕೆ 0.5% ಸವೆಯುತ್ತದೆ ಎಂದರೆ 25 ವರ್ಷಕ್ಕೆ ಸುಮಾರು 99,000 ಯೂನಿಟ್, 1,05,000 ಅಲ್ಲ.

ಇನ್ನು ಹೋದ ಶಕ್ತಿ. ಸಿಲಿಕಾನ್ ಶುದ್ಧಿ, ಅದರ ಹರಳು ಬೆಳೆಸುವಿಕೆ, ಗಾಜು, ಅಲ್ಯೂಮಿನಿಯಂ ಚೌಕಟ್ಟು, ಕಬ್ಬಿಣದ ಸ್ಟ್ಯಾಂಡ್, ಸಾಗಣೆ ಎಲ್ಲವೂ ಸೇರಬೇಕು. ಇನ್ವರ್ಟರನ್ನು ಎರಡು ಬಾರಿ ಬರೆಯಿರಿ, ಏಕೆಂದರೆ ಅದು 25 ವರ್ಷ ಬಾಳುವುದಿಲ್ಲ. ಹಳೆಯ ಅಧ್ಯಯನಗಳ ಅಂಕಿ ಎತ್ತಿಕೊಳ್ಳಬೇಡಿ. ಆಗಿನ ಸೆಲ್‌ಗಳು ದಪ್ಪ, ಸಿಲಿಕಾನ್ ಹೆಚ್ಚು ನುಂಗುತ್ತಿದ್ದವು. ಉದಾಹರಣೆಗೆಂದು ಕಿಲೋವ್ಯಾಟಿಗೆ 20,000 ಮೆಗಾಜೂಲ್ ಪ್ರಾಥಮಿಕ ಶಕ್ತಿ (ಉರಿಸಿದ ಇಂಧನದ ಶಾಖದಲ್ಲಿ ಅಳೆದದ್ದು), ಒಟ್ಟು 60,000 ಎಂದಿಟ್ಟುಕೊಳ್ಳೋಣ. ಯೂನಿಟ್‌ಗೆ 3.6 ಮೆಗಾಜೂಲ್‌ನಂತೆ ಇದು 16,667 ಯೂನಿಟ್.

ಹೆಚ್ಚಿನವರು ತಪ್ಪುವುದು ಇಲ್ಲೇ. ಈ 16,667 ಇಂಧನದ ಶಾಖದ ಲೆಕ್ಕ. ಮೇಲಿನ 99,000 ಅಚ್ಚ ವಿದ್ಯುತ್. ನೇರ ಭಾಗಿಸಿದರೆ ಸುಮಾರು 6. ಶಾಖೋತ್ಪನ್ನ ಸ್ಥಾವರದ ದಕ್ಷತೆ 35% ಎಂದು ಹಿಡಿದು ಶಾಖವನ್ನು ವಿದ್ಯುತ್ತಿಗೆ ಇಳಿಸಿದರೆ ಹೋದದ್ದು 5,833 ಯೂನಿಟ್, ಉತ್ತರ 17. ಅದೇ ಪ್ಯಾನಲ್, ಅದೇ ಬಿಸಿಲು! ಯಾರಾದರೂ ಬರೀ ಸಂಖ್ಯೆ ಹೇಳಿದರೆ ಯಾವ ಅಳತೆಯದು ಎಂದು ಮೊದಲು ಕೇಳಿ. ಎರಡನೆಯ ಅಳತೆಯಲ್ಲಿ ಹಾಕಿದ ಶಕ್ತಿ ಮರಳಲು 5,833 ÷ 4,200, ಅಂದರೆ ಸುಮಾರು 1 ವರ್ಷ 5 ತಿಂಗಳು ಬೇಕು.

ಕಲ್ಲಿದ್ದಲಿನೊಂದಿಗೆ ಹೋಲಿಸುವಾಗಲೂ ಇದೇ ಎಚ್ಚರ ಬೇಕು. ಗಣಿಯ ಬಾಯಲ್ಲಿ ಅಳೆದ ಇಆರ್‌ಒಐ ಬಹಳ ದೊಡ್ಡದಾಗಿ ಕಾಣುತ್ತದೆ. ರಾಯಚೂರಿನ ಸ್ಥಾವರಕ್ಕೆ ಕಲ್ಲಿದ್ದಲು ಹೊರರಾಜ್ಯಗಳಿಂದ ರೈಲಿನಲ್ಲಿ ಬರುತ್ತದೆ. ಆ ಸಾಗಣೆ, ಬಾಯ್ಲರ್, ಟರ್ಬೈನ್ ಹಂತಗಳಲ್ಲಿ ಪೋಲಾದ ಶಾಖ, ಸ್ಥಾವರದ ಸ್ವಂತ ಬಳಕೆ ಕಳೆದು, ತಂತಿಗೆ ಬಿಟ್ಟ ವಿದ್ಯುತ್ತನ್ನೇ ಅಳೆಯಬೇಕು.

ಬ್ಯಾಟರಿ ಸೇರಿಸಿದರೆ ಅದರ ತಯಾರಿಕೆಯ ಶಕ್ತಿಯನ್ನು ಪ್ರತಿ ಬದಲಾವಣೆಗೂ ಕೂಡಿಸಿ, ತುಂಬಿ ತೆಗೆಯುವಾಗಿನ ನಷ್ಟವನ್ನು ಉತ್ಪಾದನೆಯಿಂದ ಕಳೆಯಿರಿ. ತೆಂಗಿನ ಗರಿಯ ನೆರಳು, ತೊಳೆಯದ ಧೂಳು ಇವೂ ಭಾಗಾಕಾರದ ಮೇಲಿನ ಸಂಖ್ಯೆಯನ್ನೇ, ಅಂದರೆ ಬಂದ ಶಕ್ತಿಯನ್ನೇ, ತಿನ್ನುತ್ತವೆ. ಕೆಳಗಿನದು, ಅಂದರೆ ಹೋದ ಶಕ್ತಿ, ಬಹುಪಾಲು ಕಾರ್ಖಾನೆಯಲ್ಲೇ ಖರ್ಚಾಗಿ ಹೋಗಿರುತ್ತದೆ.