ದೆವ್ವವನ್ನು ಕಂಡವರು ಯಾರು? ಎರಡು ಕತೆಗಳನ್ನು ಪಕ್ಕಪಕ್ಕ ಇಟ್ಟು ಓದಿದ ಬಗೆ

'ಎರಡರಲ್ಲೂ ಭಯವಿದೆ, ಎರಡರಲ್ಲೂ ಸಾವಿದೆ' ಎಂದು ಹೋಲಿಕೆ ಶುರು ಮಾಡಿದರೆ ಎರಡನೇ ಪ್ಯಾರಾದಲ್ಲೇ ಸರಕು ಖಾಲಿ. ಹಾಗಾಗಿ ಡಬ್ಲ್ಯೂ. ಡಬ್ಲ್ಯೂ. ಜೇಕಬ್ಸ್‌ನ 'ದಿ ಮಂಕೀಸ್ ಪಾ' (1902), ಚಾರ್ಲ್ಸ್ ಡಿಕನ್ಸ್‌ನ 'ದಿ ಸಿಗ್ನಲ್‌ಮ್ಯಾನ್' (1866) ಎರಡಕ್ಕೂ ನಾನು ಕೇಳಿದ್ದು ಒಂದೇ ಪ್ರಶ್ನೆ: ದೆವ್ವಕ್ಕೂ ಓದುಗನಿಗೂ ನಡುವೆ ನಿಂತವರು ಯಾರು? ಮೊದಲ ಕತೆಯಲ್ಲಿ ಮೂರು ವರ ಕೊಡುವ ಕೋತಿಯ ಪಂಜ ವೈಟ್ ಎಂಬ ಮುದುಕನ ಕೈ ಸೇರುತ್ತದೆ; ಮಗ ಸತ್ತ ಮೇಲೆ ಹೆಂಡತಿಯ ಒತ್ತಾಯಕ್ಕೆ ಅವನು ಮತ್ತೆ ಬದುಕಲಿ ಎಂದು ಎರಡನೇ ವರ ಬೇಡುತ್ತಾನೆ. ಎರಡನೆಯದರಲ್ಲಿ ರೈಲು ಹಳಿಯ ಪಕ್ಕದ ಸಿಗ್ನಲ್ ಕಾಯುವವನೊಬ್ಬ, ಸುರಂಗದ ಬಾಯಿಯ ಬಳಿ ತನಗೆ ಕಾಣುವ ಆಕೃತಿಯ ಕತೆಯನ್ನು ನಿರೂಪಕನಿಗೆ ಹೇಳುತ್ತಾನೆ.

ಮೊದಲ ಓದಿಗೆ ಪೆನ್ಸಿಲ್ ಬೇಡ. ಎರಡನೇ ಓದಿಗೆ ಹಾಳೆಯಲ್ಲಿ ಮೂರು ಕಾಲಂ: ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು, ಯಾರೋ ಹೇಳಿದ್ದು. ವ್ಯಾಖ್ಯಾನ ಒಂದಕ್ಷರವೂ ಸೇರಬಾರದು. ಭಾರತದ ಫಕೀರ ಕೋತಿಯ ಪಂಜಕ್ಕೆ ಮಂತ್ರ ಹಾಕಿದ್ದು ಮೂರನೇ ಕಾಲಂಗೆ ಹೋಗುತ್ತದೆ. ಅದು ಸಾರ್ಜೆಂಟ್ ಮೇಜರ್ ಮಾರಿಸ್ ತಂದ ಸುದ್ದಿ, ಅಷ್ಟೆ.

ಜೇಕಬ್ಸ್‌ನ ಕೊನೆಯ ದೃಶ್ಯಕ್ಕೆ ಬಂದಾಗ ಮೊದಲ ಕಾಲಂ ಹೆಚ್ಚುಕಡಿಮೆ ಖಾಲಿ ಉಳಿಯುತ್ತದೆ. ಬೆಂಕಿಕಡ್ಡಿ ಆರುತ್ತದೆ, ಅದೇ ಗಳಿಗೆಗೆ ಬಾಗಿಲ ಮೇಲೆ ಕೇಳಿಯೂ ಕೇಳದಂಥ ಬಡಿತ. ಆಮೇಲೆ ಎಲ್ಲವೂ ಕಿವಿಯ ಲೆಕ್ಕ: ಸರಪಳಿ ಸರಿದದ್ದು, ಕೆಳಗಿನ ಅಗುಳಿ ಬಿಗಿಯಾಗಿ ಜಾರಿದ್ದು, ಮೇಲಿನದು ಎಟುಕದೆ ಹೆಂಡತಿ ಕುರ್ಚಿ ಎಳೆದದ್ದು. ಗಂಡ ಪಂಜಕ್ಕಾಗಿ ಕತ್ತಲಲ್ಲಿ ನೆಲ ತಡಕಾಡುತ್ತಾನೆ. ಬಾಗಿಲು ತೆರೆದಾಗ ಕಾಣುವುದು ಬೀದಿದೀಪ, ಖಾಲಿ ರಸ್ತೆ. ಹೊರಗಿದ್ದದ್ದನ್ನು ಯಾರೂ ನೋಡಲೇ ಇಲ್ಲ. ಆದರೂ ನಮಗೆ ಒಂದು ರೂಪ ಕಾಣುತ್ತದೆ. ಏಕೆಂದರೆ ಯಂತ್ರಕ್ಕೆ ಸಿಕ್ಕ ಮಗನನ್ನು ಬಟ್ಟೆಯಿಂದಷ್ಟೇ ಗುರುತಿಸಿದೆ ಎಂದು ಅಪ್ಪ ಆಗಲೇ ಹೇಳಿಬಿಟ್ಟಿದ್ದಾನೆ. ಭಯದ ಸಾಮಾನನ್ನು ಮುಂಚೆ ಕೊಟ್ಟು, ದೃಶ್ಯವನ್ನು ಬಚ್ಚಿಡುವುದು ಜೇಕಬ್ಸ್‌ನ ಕೈಚಳಕ.

ಡಿಕನ್ಸ್‌ನದು ಬೇರೆ ಜಾಡು. ಇಲ್ಲಿ ಕಂಡವನಿದ್ದಾನೆ, ಆದರೆ ಅವನ ಮಾತು ನಮಗೆ ತಲುಪುವುದು ನಂಬದ ಇನ್ನೊಬ್ಬನ ಮೂಲಕ. ನಿರೂಪಕ ಕಣ್ಣಿನ ದೋಷ, ಗಾಳಿ, ಕಾಕತಾಳೀಯ ಎಂದು ಒಂದೊಂದಾಗಿ ಸಮಜಾಯಿಷಿ ಕೊಡುತ್ತಾನೆ. ಅವನ ಪಾಲಿಗೆ ಆ ಆಕೃತಿ ಎಂದೂ ಕಾಣುವುದಿಲ್ಲ. ಮೂರನೇ ಓದಿನಲ್ಲಿ ಮೊದಲ ಪುಟ ಬಿಡಬೇಡಿ: ನಿರೂಪಕ ಮೇಲಿನಿಂದ ಕೂಗಿದಾಗ ಸಿಗ್ನಲ್‌ಮ್ಯಾನ್ ಮೇಲೆ ನೋಡದೆ ತಿರುಗಿ ಹಳಿಯ ಉದ್ದಕ್ಕೆ ನೋಡುತ್ತಾನೆ. ಕತೆ ತಿಳಿದ ಮೇಲೇ ಈ ತಿರುವಿಗೆ ಅರ್ಥ. ಕೊನೆಗೆ ಸಿಗ್ನಲ್‌ಮ್ಯಾನ್ ಎಂಜಿನ್‌ಗೆ ಸಿಕ್ಕು ಸಾಯುವ ಮುನ್ನ ಅದರ ಚಾಲಕ ಕೂಗಿದ ಮಾತಿನಲ್ಲಿ, ನಿರೂಪಕ ಮನಸ್ಸಿನಲ್ಲಷ್ಟೇ ಅಂದುಕೊಂಡಿದ್ದ ಪದಗಳೂ ಇವೆ. ನಂಬದವನನ್ನೇ ಸಾಕ್ಷಿಕಟ್ಟೆಗೆ ಎಳೆದುಬಿಟ್ಟ ಡಿಕನ್ಸ್! 1865ರ ಸ್ಟೇಪಲ್‌ಹರ್ಸ್ಟ್ ರೈಲು ಅಪಘಾತದಲ್ಲಿ ಆತ ತಾನೇ ಪ್ರಯಾಣಿಕನಾಗಿದ್ದ. ಆದರೆ ತಂತ್ರದ ಚರ್ಚೆಯಲ್ಲಿ ಇದಕ್ಕೆ ಒಂದು ಸಾಲು ಸಾಕು. ಹೆಚ್ಚು ಬರೆದರೆ ಹೋಲಿಕೆ ಜೀವನಚರಿತ್ರೆಯಾಗುತ್ತದೆ.

ಪದೇ ಪದೇ ಆಗುವ ತಪ್ಪು: 'ಮಗ ಸಮಾಧಿಗೆ ಮರಳಲಿ ಎಂದು ವೈಟ್ ಬೇಡಿಕೊಂಡ' ಎಂದು ಬರೆಯುವುದು. ಮೂರನೇ ವರದ ಮಾತುಗಳು ಮೂಲದಲ್ಲಿ ಇಲ್ಲವೇ ಇಲ್ಲ. ಬಾಗಿಲು ತಟ್ಟಿದ್ದು ಮಗನೇ ಎಂಬುದೂ ತಾಯಿಯ ನಂಬಿಕೆ, ಮೂರನೇ ಕಾಲಂ.

'ಮೂರು' ಎಂಬ ಎಣಿಕೆ ಎರಡರಲ್ಲೂ ಇದೆಯೆಂದು ಸಾಮ್ಯದ ಪಟ್ಟಿಗೆ ಹಾಕುವವರೂ ಇದ್ದಾರೆ. ನಾನು ಅದನ್ನು ವ್ಯತ್ಯಾಸದಲ್ಲಿ ಇಡುತ್ತೇನೆ. ಅಲ್ಲಿ ಮೂರು ವರಗಳು, ಬಳಸಿದಷ್ಟೂ ಕರಗುವ ಗಂಟು. ಕೈಯಲ್ಲಿ ಎಷ್ಟು ಉಳಿದಿದೆ ಎಂದು ಮುದುಕನಿಗೂ ಗೊತ್ತು, ನಮಗೂ ಗೊತ್ತು. ಇಲ್ಲಿ ಎರಡು ಸಲ ಆಕೃತಿ ಕಂಡ ಮೇಲೆ ಒಮ್ಮೆ ಹಲವರನ್ನು ಬಲಿ ತೆಗೆದುಕೊಂಡ ರೈಲು ಅಪಘಾತ, ಇನ್ನೊಮ್ಮೆ ರೈಲಿನಲ್ಲಿ ಯುವತಿಯೊಬ್ಬಳ ಸಾವು ಆಗಿಹೋಗಿವೆ; ಈಗ ಮತ್ತೆ ಕಾಣಿಸಿಕೊಳ್ಳುತ್ತಿದೆ. ಸಾಯುವವರು ಯಾರೆಂದು ಸಿಗ್ನಲ್‌ಮ್ಯಾನ್‌ಗೆ ತಿಳಿಯದು.