ಹಿಮ್ಮಡಿ ಬಿಗಿ ಇರಲಿ, ಬೆರಳು ಆಡಲಿ

ಬೆಟ್ಟ ಹತ್ತುವ ಶೂ ಕೊಳ್ಳುವಾಗ ನಾನು ಮೊದಲು ನೋಡುವುದು ಹಿಮ್ಮಡಿಯನ್ನು. ಬಣ್ಣ, ಬ್ರ್ಯಾಂಡು ಎಲ್ಲ ಆಮೇಲೆ. ನಮ್ಮ ಕಡೆ ಹೆಂಗಸರಿಗೆ ಟ್ರೆಕ್ಕಿಂಗ್ ಶೂ ಕೇಳಿದರೆ ಎಷ್ಟೋ ಅಂಗಡಿಯಲ್ಲಿ ಗಂಡಸರ ಶೂನಲ್ಲೇ ಸಣ್ಣ ಸೈಜ್ ತೆಗೆದು ಕೊಡುತ್ತಾರೆ. ಉದ್ದ ಸರಿಹೋಗುತ್ತದೆ, ಹಿಮ್ಮಡಿ ಮಾತ್ರ ನಿಲ್ಲುವುದಿಲ್ಲ. ನಮ್ಮ ಪಾದ ಮುಂದೆ ಅಗಲ ಇದ್ದರೂ ಹಿಂದೆ ಕಿರಿದು ಇರುವುದೇ ಜಾಸ್ತಿ. ಹಿಂದೆ ಸಡಿಲ ಇದ್ದರೆ ಹೆಜ್ಜೆಹೆಜ್ಜೆಗೂ ಉಜ್ಜಿ ಗುಳ್ಳೆ ಏಳುತ್ತದೆ.

ಮನೆ ದಾವಣಗೆರೆಯಲ್ಲಿ, ನಡಿಗೆಯೆಲ್ಲ ಚಿತ್ರದುರ್ಗದಲ್ಲಿ. ಕೋಟೆ, ಚಂದ್ರವಳ್ಳಿ, ಜೋಗಿಮಟ್ಟಿ ಬೆಟ್ಟ. ಹಾಗಾಗಿ ನನ್ನ ಲೆಕ್ಕವೆಲ್ಲ ಬಂಡೆ, ಬಿಸಿಲು, ಮುಳ್ಳಿನದು.

ಅಂಗಡಿಗೆ ಸಂಜೆಯೇ ಹೋಗುತ್ತೇನೆ. ಓಡಾಡಿದ ಮೇಲೆ ಪಾದ ಸ್ವಲ್ಪ ಊದಿರುತ್ತದೆ, ಬೆಟ್ಟದಲ್ಲೂ ಹಾಗೇ ಅಲ್ವಾ. ಬೆಟ್ಟಕ್ಕೆ ಹಾಕುವ ಸಾಕ್ಸನ್ನೇ ಒಯ್ಯುತ್ತೇನೆ. ಲೇಸ್ ಕಟ್ಟದೆ ಪಾದವನ್ನು ಮುಂದೆ ತಳ್ಳಿದರೆ ಹಿಮ್ಮಡಿಯ ಹಿಂದೆ ಒಂದು ಬೆರಳು ಇಳಿಯಬೇಕು. ಆಮೇಲೆ ಲೇಸ್ ಬಿಗಿದು ಅಂಗಡಿಯ ಮೆಟ್ಟಿಲನ್ನು ಹತ್ತಿ ಇಳಿಯುತ್ತೇನೆ. ಹತ್ತುವಾಗ ಹಿಮ್ಮಡಿ ಏಳಬಾರದು, ಇಳಿಯುವಾಗ ಹೆಬ್ಬೆರಳು ತುದಿಗೆ ತಾಗಬಾರದು. "ಹಾಕ್ಕೊಂಡು ಹಾಕ್ಕೊಂಡು ಸರಿಹೋಗುತ್ತೆ ಅಕ್ಕ" ಅಂತ ಅಂಗಡಿ ಹುಡುಗ ಹೇಳುತ್ತಾನೆ. ಚರ್ಮ ಅಡ್ಡಕ್ಕೆ ಸ್ವಲ್ಪ ಹಿಗ್ಗೀತು, ಉದ್ದಕ್ಕೆ ಹಿಗ್ಗುವುದಿಲ್ಲ. "ಇನ್ನೊಂದು ಸೈಜ್ ತೋರಿಸಪ್ಪ" ಅಂತೀನಿ.

ಕಾಲುಂಗುರದ ವಿಷಯ ಯಾರೂ ಹೇಳುವುದಿಲ್ಲ. ಇಳಿಜಾರಿನಲ್ಲಿ ಪಾದ ಮುಂದೆ ಜಾರಿದಾಗ ಉಂಗುರ ಪಕ್ಕದ ಬೆರಳನ್ನು ಒತ್ತುತ್ತದೆ. ನಾನು ತೆಗೆಯುವುದಿಲ್ಲ. ಅದರ ಮೇಲೆ ಬಟ್ಟೆಯ ಟೇಪನ್ನು ಒಂದು ಸುತ್ತು ಸುತ್ತಿ, ಮುಂದೆ ಅಗಲವಿರುವ ಶೂ ಹಾಕುತ್ತೇನೆ. ಕಾಲುಂಗುರ ಹಾಕಿಕೊಂಡೇ ಅಂಗಡಿಗೆ ಹೋಗಿ. ಗೆಜ್ಜೆ ಮಾತ್ರ ಮನೆಯಲ್ಲೇ ಇರಲಿ, ಎತ್ತರದ ಶೂನೊಳಗೆ ಅದು ಕೊರೆಯುತ್ತದೆ.

ಸೋಲ್ ಬಗ್ಗೆ ಒಂದು ಮಾತು. ಆಳವಾದ ಹಲ್ಲುಗಳ ಸೋಲ್ ಮಲೆನಾಡಿನ ಕೆಸರಿಗೆ ಚೆನ್ನ. ಕೋಟೆಯ ಬೋಳುಬಂಡೆಗೆ ರಬ್ಬರ್ ಮೆತ್ತಗಿದ್ದು, ನೆಲಕ್ಕೆ ಜಾಸ್ತಿ ತಾಗಬೇಕು. ಬಂಡೆಯ ಮೇಲೆ ಸಣ್ಣ ಮರಳು ಕೂತಿದ್ದರೆ ಎಂಥ ಸೋಲೂ ಜಾರುತ್ತದೆ, ಅಲ್ಲಿ ಪಾದ ಪೂರ್ತಿ ಊರಿ ನಿಧಾನಕ್ಕೆ ನಡೆಯಬೇಕು. ಇನ್ನು ವಾಟರ್‌ಪ್ರೂಫ್ ಶೂ ನಮ್ಮ ಬಯಲುಸೀಮೆಗೆ ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ನೀರು ಒಳಗೆ ಬರುವುದಿರಲಿ, ಬೆವರು ಆರುವುದೇ ಕಷ್ಟ. ಗಾಳಿಯಾಡುವ ಜಾಲರಿ ಬಟ್ಟೆಯ ಶೂ ಸಾಕು. ಹತ್ತಿ ಸಾಕ್ಸ್ ಬೇಡ, ಒದ್ದೆಯಾದರೆ ಬೇಗ ಒಣಗುವುದಿಲ್ಲ.

ಜೋಗಿಮಟ್ಟಿಯಿಂದ ಬಂದ ದಿನವೇ ಶೂ ಬಿಚ್ಚಿ ಕೂರುತ್ತೇನೆ. ಲೇಸ್ ತೆಗೆದು, ಒಳಗಿನ ಇನ್‌ಸೋಲ್ ಎಳೆದು ಬೇರೆ ಇಡುತ್ತೇನೆ. ಲೇಸಿನ ಕೆಳಗಿನ ನಾಲಿಗೆಯ ಸಂದಿಯಲ್ಲಿ ಹುಲ್ಲಿನ ಬೀಜ, ಸೋಲಿನಲ್ಲಿ ನೆಗ್ಗಿಲುಮುಳ್ಳು ಇದ್ದೇ ಇರುತ್ತವೆ. ಜಾಲಿಮುಳ್ಳು ಮುರಿದು ಒಳಗೇ ಉಳಿದಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಒಳಗೆ ಕೈ ಹಾಕಿ, ಬೆರಳಿನಿಂದ ಮೆಲ್ಲಗೆ ಒತ್ತುತ್ತಾ ಹುಡುಕುತ್ತೇನೆ. ಸಿಕ್ಕರೆ ಚಿಮುಟದಲ್ಲಿ ಎಳೆಯುತ್ತೇನೆ. ಮಣ್ಣನ್ನು ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಬೇಕಾದರೆ ಸ್ವಲ್ಪ ಸೌಮ್ಯ ಸೋಪು. ವಾಷಿಂಗ್ ಮೆಷಿನ್‌ಗೆ ಹಾಕಬೇಡಿ. ಒದ್ದೆಯಾಗಿದ್ದರೆ ಒಳಗೆ ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ. ಏಪ್ರಿಲ್ ಬಿಸಿಲಿಗೆ ತಾರಸಿ ಮೇಲಿಟ್ಟರೆ ಅಂಟು ಬಿಡುತ್ತದೆ.

ಸುಮ್ನೆ ವರ್ಷಗಟ್ಟಲೆ ಬೀರುವಿನಲ್ಲಿಟ್ಟ ಶೂ ನೋಡಲು ಹೊಸದೇ. ಆದರೆ ಪಾಲಿಯುರಿಥೇನ್ ಫೋಮ್ ಇರುವ ಸೋಲ್ ಗಾಳಿಯ ತೇವಕ್ಕೆ ಒಳಗೊಳಗೇ ಸವೆಯುತ್ತದೆ, ಹಾಕದೆ ಇಟ್ಟರೂ. ಹೊರಡುವ ಒಂದು ವಾರ ಮೊದಲೇ ಶೂ ಬಗ್ಗಿಸಿ, ಸೋಲಿನ ಪಕ್ಕವನ್ನು ಉಗುರಿನಿಂದ ಒತ್ತಿ ನೋಡಿ. ತುದಿ ಮಾತ್ರ ಬಾಯಿ ಬಿಟ್ಟಿದ್ದರೆ ಚಪ್ಪಲಿ ರಿಪೇರಿಯವರು ಅಂಟಿಸಿ ಹೊಲಿದು ಕೊಡುತ್ತಾರೆ. ಫೋಮೇ ಪುಡಿಪುಡಿ ಉದುರಿದರೆ ಯಾವ ಅಂಟೂ ಹಿಡಿಯುವುದಿಲ್ಲ.